ಯಾವ ರಾಜಕುಮಾರಿ, ಯಾವ ಚೆಲುವಾಂಬ, ಯಾವ ಲಕ್ಷ್ಮೀವಿಲಾಸ?

ಮೈಸೂರಿನ ಕೆಆರ್‌ಎಸ್ ರಸ್ತೆಯ ಒಂದು ತುಂಡಿಗೆ ಹೆಸರಿಡುವ ಜಗಳ 2024ರ ಕೊನೆಯಲ್ಲಿ ಹೊತ್ತಿಕೊಂಡಿತು. ಲಕ್ಷ್ಮೀವೆಂಕಟರಮಣಸ್ವಾಮಿ ದೇವಸ್ಥಾನದ ವೃತ್ತದಿಂದ ಹೊರ ವರ್ತುಲ ರಸ್ತೆಯ ರಾಯಲ್ ಇನ್ ಜಂಕ್ಷನ್‌ವರೆಗಿನ ದಾರಿಗೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡಲು ಮಹಾನಗರ ಪಾಲಿಕೆ ಮುಂದಾಯಿತು. ಡಿಸೆಂಬರ್‌ನಲ್ಲಿ ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಇದ್ದವರಿಗೆ 30 ದಿನ ಕೊಟ್ಟಿತು. ಈ ರಸ್ತೆಗೆ ಆಗಲೇ ‘ಪ್ರಿನ್ಸೆಸ್ ರಸ್ತೆ’ ಎಂಬ ಹೆಸರಿದೆ ಎಂದು ವಿರೋಧಿಸಿದವರು ಹೇಳಿದರು. ದಾಖಲೆ ಎಲ್ಲಿದೆ ತೋರಿಸಿ ಎಂದು ಇನ್ನೊಂದು ಕಡೆಯವರು ಕೇಳಿದರು. ವಾದ ಮುಖ್ಯಮಂತ್ರಿಯ ಹೆಸರು ಬೇಕೋ ಬೇಡವೋ ಎಂಬಲ್ಲಿಗೆ ಹೋಗಿ ನಿಂತಿತು. ಪ್ರಿನ್ಸೆಸ್ ಎಂದರೆ ಯಾರು ಎಂದು ಕೇಳುವ ವ್ಯವಧಾನ ಹೆಚ್ಚು ಜನಕ್ಕೆ ಇರಲಿಲ್ಲ.

ಆ ರಾಜಕುಮಾರಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಮಗಳು, ನಾಲ್ವಡಿ ಕೃಷ್ಣರಾಜ ಒಡೆಯರ ಒಡಹುಟ್ಟು, ಕೃಷ್ಣಾಜಮ್ಮಣ್ಣಿ. ಕ್ಷಯ ಅವರನ್ನೂ ಅವರ ಹೆಣ್ಣುಮಕ್ಕಳನ್ನೂ ತೆಗೆದುಕೊಂಡು ಹೋಯಿತು. ಅವರ ನೆನಪಿಗೆ 1921ರಲ್ಲಿ ಇದೇ ರಸ್ತೆಯಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಬಂತು. ಪೂರ್ತಿ ಹೆಸರು ‘ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಟ್ಯೂಬರ್‌ಕ್ಯುಲೋಸಿಸ್ ಸ್ಯಾನಟೋರಿಯಂ’. ಮೈಸೂರಿನವರಿಗೆ ಅದು ‘ಪಿಕೆಟಿಬಿ’. ನಾಲ್ಕಕ್ಷರದಲ್ಲಿ ಎರಡು ರೋಗದ್ದು, ಒಂದು ಪದವಿಯದ್ದು, ಉಳಿದ ಒಂದು ಅಕ್ಷರ ಮಾತ್ರ ಆ ಹೆಣ್ಣುಮಗಳದ್ದು. ರಸ್ತೆಯ ಹೆಸರಿನಲ್ಲಿ ಆ ಒಂದಕ್ಷರವೂ ಉಳಿಯದೆ ಬರೀ ‘ಪ್ರಿನ್ಸೆಸ್’ ಆಯಿತು. ಹೀಗಾದ ಮೇಲೆ ದಾಖಲೆ ಕೇಳಿದವರನ್ನು ದೂರಿ ಫಲವಿಲ್ಲ. ಪದವಿಯನ್ನೇ ಹೆಸರೆಂದು ಬಳಸಿದ ಫಲಕ ಎರಡು ತಲೆಮಾರು ಕಳೆಯುವುದರೊಳಗೆ ಅನಾಥವಾಗುತ್ತದೆ.

ಇದು ಒಂದು ರಸ್ತೆಯ ಕಥೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಮೈಸೂರು ಅರಮನೆಯ ಹೆಣ್ಣುಮಕ್ಕಳ ಹೆಸರುಗಳು ದಾಖಲೆಗಳಲ್ಲಿ ಕೂತಿರುವ ರೀತಿಯೇ ಹಾಗಿದೆ. ಮೂರು ಬೇರೆ ಬೇರೆ ಸಂಗತಿಗಳು ಒಂದೇ ಸಾಲಿನಲ್ಲಿ ಬರುತ್ತವೆ: ಹುಟ್ಟಿನ ಹೆಸರು, ಅರಮನೆ ಕೊಟ್ಟ ಬಿರುದು, ಗಂಡನ ಪಟ್ಟದಿಂದ ಬಂದ ಸ್ಥಾನ. ಈ ಮೂರನ್ನು ಬಿಡಿಸಿ ಓದಲು ಬಾರದಿದ್ದರೆ ಇಬ್ಬರು ಒಬ್ಬರಾಗುತ್ತಾರೆ, ಒಬ್ಬರು ಮೂವರಾಗುತ್ತಾರೆ. ಪತ್ರಿಕೆಯ ಶೀರ್ಷಿಕೆ, ಪಾಲಿಕೆಯ ನಿರ್ಣಯ, ಶಾಲೆಯ ಪ್ರಬಂಧ, ಎಲ್ಲ ಕಡೆ ಆಗುತ್ತಿರುವ ತಪ್ಪು ಇದೊಂದೇ.

ಬಿಡಿಸುವುದು ಹೇಗೆ ಎಂಬುದಕ್ಕೆ ಅತ್ಯುತ್ತಮ ಮಾದರಿ ರೀಜೆಂಟ್ ಮಹಾರಾಣಿಯವರದ್ದು. 1894ರ ಡಿಸೆಂಬರ್ 28ರಂದು ಚಾಮರಾಜೇಂದ್ರ ಒಡೆಯರು ಕಲ್ಕತ್ತದಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜನಿಗೆ ಹತ್ತು ವರ್ಷ. 1895ರಿಂದ 1902ರ ಆಗಸ್ಟ್ 8ರವರೆಗೆ ತಾಯಿಯೇ ಸಂಸ್ಥಾನದ ರಾಜಪ್ರತಿನಿಧಿ. ಆ ಕಾಲದ ಕಾಗದಪತ್ರದಲ್ಲಿ ಅವರ ಹೆಸರು ಹೀಗೆ ಬರುತ್ತದೆ: ‘ಹರ್ ಹೈನೆಸ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ, ಸಿ.ಐ., ರೀಜೆಂಟ್ ಆಫ್ ಮೈಸೂರ್’.

ಮೊದಲ ತುಂಡು ‘ಹರ್ ಹೈನೆಸ್’. ಇದು ಬ್ರಿಟಿಷರ ಶಿಷ್ಟಾಚಾರದ ಮಾತು, ಅರಮನೆಯ ಕನ್ನಡಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಮಹಾರಾಣಿ’ ಸ್ಥಾನ. ಪಟ್ಟವೇರಿದ ಮಹಾರಾಜರ ಹೆಂಡತಿಯಾದ್ದರಿಂದ ಬಂದದ್ದು. ‘ಕೆಂಪನಂಜಮ್ಮಣ್ಣಿ’ ಒಂದೇ ಇಲ್ಲಿ ನಿಜವಾದ ಹೆಸರು. ‘ಅವರು’ ಗೌರವ. ‘ವಾಣಿವಿಲಾಸ ಸನ್ನಿಧಾನ’ ಅರಮನೆಯ ಬಿರುದು. ‘ಸಿ.ಐ.’ ಎಂದರೆ ಕ್ರೌನ್ ಆಫ್ ಇಂಡಿಯಾ, ವಿಕ್ಟೋರಿಯಾ ರಾಣಿ 1878ರಲ್ಲಿ ಹೆಂಗಸರಿಗೆಂದೇ ಹುಟ್ಟುಹಾಕಿದ ಪದಕ. ಇದನ್ನು ‘ಸಿ.ಐ.ಇ.’ ಎಂದು ತಿದ್ದಿ ಅಚ್ಚು ಹಾಕುವವರಿದ್ದಾರೆ. ಸಿ.ಐ.ಇ. ಇಂಡಿಯನ್ ಎಂಪೈರ್ ಎಂಬ ಬೇರೆಯೇ ಶ್ರೇಣಿ, ಅಧಿಕಾರಿಗಳಿಗೂ ದಿವಾನರಿಗೂ ಸಿಗುತ್ತಿದ್ದದ್ದು. ಕೊನೆಯ ‘ರೀಜೆಂಟ್’ ಹುದ್ದೆ, ಅವಧಿ ಮುಗಿದ ದಿನವೇ ಕಳಚಿ ಬೀಳುವಂಥದ್ದು. 1902ರ ನಂತರದ ಸಂಗತಿಗೆ ‘ರೀಜೆಂಟ್ ಮಹಾರಾಣಿ’ ಎಂದು ಬರೆದರೆ ಅದು ತಪ್ಪು. ಅವರು 1934ರವರೆಗೆ ಬದುಕಿದ್ದರು.

ಇಷ್ಟು ತುಂಡುಗಳಲ್ಲಿ ಮೈಸೂರು ಯಾವುದನ್ನು ಉಳಿಸಿಕೊಂಡಿತು? ಹುಟ್ಟಿನ ಹೆಸರನ್ನಂತೂ ಅಲ್ಲ. ಊರಿನಲ್ಲಿ ವಾಣಿವಿಲಾಸ ಮೊಹಲ್ಲಾ ಇದೆ, ವಾಣಿವಿಲಾಸ ಮಾರುಕಟ್ಟೆ ಇದೆ, ಮನೆಮನೆಗೆ ನೀರಿನ ಬಿಲ್ಲು ಕಳಿಸುವ ವಾಣಿವಿಲಾಸ ವಾಟರ್ ವರ್ಕ್ಸ್ ಇದೆ. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು ವಾಣಿವಿಲಾಸ ಸಾಗರ. ಆ ಕಡೆಯ ರೈತರ ಬಾಯಲ್ಲಿ ಮಾರಿಕಣಿವೆ. ಬೆಂಗಳೂರಿನ ಹೆರಿಗೆ ಆಸ್ಪತ್ರೆಯೂ ವಾಣಿವಿಲಾಸ. ಶಿವನಸಮುದ್ರದ ವಿದ್ಯುತ್ ಯೋಜನೆ ಅವರ ಆಡಳಿತದಲ್ಲಿ ಕೈಗೂಡಿತು. 1897ರಲ್ಲಿ ಹಿರಿಯ ಮಗಳ ಮದುವೆಯ ಹೊತ್ತಿಗೆ ಮರದ ಅರಮನೆ ಸುಟ್ಟುಹೋದಾಗ ಹೆನ್ರಿ ಇರ್ವಿನ್‌ಗೆ ಹೊಸ ಅರಮನೆ ಕಟ್ಟುವ ಕೆಲಸ ಒಪ್ಪಿಸಿದವರೂ ಅವರೇ. ಆದರೂ ‘ವಾಣಿವಿಲಾಸ’ ಯಾರು ಎಂದರೆ ಸರಸ್ವತಿಯ ಹೆಸರಿರಬೇಕು ಎನ್ನುವವರೇ ಹೆಚ್ಚು. ಮೊಹಲ್ಲಾ ‘ವಿ.ವಿ. ಮೊಹಲ್ಲಾ’ ಆದ ಮೇಲಂತೂ ಇನ್ನೊಂದು ಗೊಂದಲ ಸೇರಿಕೊಂಡಿದೆ. ಮೈಸೂರಿನ ಪತ್ರಿಕೆಗಳಲ್ಲಿ ‘ವಿ.ವಿ.’ ಎಂದರೆ ವಿಶ್ವವಿದ್ಯಾನಿಲಯ.

ಸನ್ನಿಧಾನ ಎಂಬ ಮಾತಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು, ಮೈಸೂರಿನ ಮಟ್ಟಿಗೆ ಕೀಲಿಕೈ ಅದೇ. ದೇವರ ಸನ್ನಿಧಾನ, ಮಠದ ಸ್ವಾಮಿಗಳ ಸನ್ನಿಧಾನ ಎಲ್ಲರಿಗೂ ಗೊತ್ತು. ಅರಮನೆಯಲ್ಲಿ ಅದೇ ಮಾತು ರಾಣಿಯರಿಗೂ ಬಂತು. ಹಿರಿಯರನ್ನು ಹೆಸರು ಹಿಡಿದು ಕೂಗುವುದು ನಮ್ಮ ಸಾಮಾನ್ಯ ಮನೆಗಳಲ್ಲೇ ನಿಷಿದ್ಧ, ಇನ್ನು ಅರಮನೆಯ ಪರಿಚಾರಕರ ಬಾಯಲ್ಲಿ ರಾಣಿಯ ಹೆಸರು ಬರುವುದುಂಟೆ? ಹಾಗಾಗಿ ಒಬ್ಬೊಬ್ಬ ರಾಣಿಗೆ ಒಂದೊಂದು ‘ವಿಲಾಸ’. ಆಕೆಯ ವಾಸಕ್ಕೂ, ಆಕೆಯ ಹೆಸರಿನ ಧರ್ಮಕಾರ್ಯಗಳಿಗೂ ಅದೇ ಗುರುತು. ರಮಾವಿಲಾಸ ರಸ್ತೆ, ಸೀತಾವಿಲಾಸ ರಸ್ತೆ, ಕೃಷ್ಣವಿಲಾಸ ರಸ್ತೆ ಎಂದು ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಸಾಲಾಗಿ ಕಾಣುವ ಹೆಸರುಗಳ ಹಿಂದೆ ಇರುವುದು ಈ ಪದ್ಧತಿ. ದೇವಿ ದೇವತೆಯರ ಪಟ್ಟಿ ಅದಲ್ಲ.

ಇದಕ್ಕೆ ಕಣ್ಣಾರೆ ಕಾಣುವ ಸಾಕ್ಷಿ ಚಾಮುಂಡಿ ಬೆಟ್ಟದ ದೇವಸ್ಥಾನದಲ್ಲಿದೆ. ಅಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಭಕ್ತರ ವೇಷದಲ್ಲಿ ಕೈಮುಗಿದು ನಿಂತ ಆಳೆತ್ತರದ ವಿಗ್ರಹ. ಪಕ್ಕದಲ್ಲಿ ಮೂವರು ರಾಣಿಯರು. ಪೀಠದಲ್ಲಿ ಹೆಸರು ಕೊರೆದಿದ್ದಾರೆ: ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ. ತಂದೆತಾಯಿ ಇಟ್ಟ ಹೆಸರನ್ನು ಕಲ್ಲಿಗೂ ಹೇಳಿಲ್ಲ. ದರ್ಶನದ ಸಾಲಿನ ನೂಕುನುಗ್ಗಲಲ್ಲಿ ಇದನ್ನು ಓದುವವರು ಕಡಿಮೆ. ಓದಿದವರೂ ಕಟ್ಟಡಗಳ ಹೆಸರಿರಬೇಕು ಎಂದುಕೊಂಡು ಮುಂದೆ ಸಾಗುತ್ತಾರೆ.

ಬಿರುದು ಬರೀ ಮರ್ಯಾದೆಗೆ ಹುಟ್ಟಿದ್ದಲ್ಲ, ಅದಕ್ಕೊಂದು ವ್ಯಾವಹಾರಿಕ ಕಾರಣವೂ ಇತ್ತು: ಹೆಸರುಗಳು ತುಂಬ ಕಡಿಮೆ. ಅರಸು ಮನೆತನಗಳ ಒಳಗೇ ಹೆಣ್ಣು ತರುವ ಪದ್ಧತಿ, ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಪದ್ಧತಿ, ಎರಡೂ ಸೇರಿ ದೇವಾಜಮ್ಮಣ್ಣಿ, ಲಿಂಗಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ, ಕೆಂಪನಂಜಮ್ಮಣ್ಣಿ ಎಂಬ ಹಿಡಿಯಷ್ಟು ಹೆಸರುಗಳೇ ಸುತ್ತಿ ಸುತ್ತಿ ಬರುತ್ತಿದ್ದವು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೂವರು ರಾಜಸ್ತ್ರೀಯರನ್ನು ಬಿಡಿಸಿದ ತೈಲಚಿತ್ರವೊಂದಿದೆ. ಸಿಡುಬಿನ ಹೊಸ ಲಸಿಕೆಗೆ ಜನರ ಮನಸ್ಸು ಒಲಿಸಲು ಬರೆಸಿದ ಚಿತ್ರ ಅದು ಎಂದು ಚರಿತ್ರೆಕಾರ ನೈಜಲ್ ಚಾನ್ಸಲರ್ ವಾದಿಸಿದ್ದಾರೆ. ಅವರು ಗುರುತಿಸಿರುವ ಪ್ರಕಾರ ಎಡಕ್ಕೂ ಬಲಕ್ಕೂ ಇರುವವರು ಮುಮ್ಮಡಿಯವರ ಇಬ್ಬರು ಎಳೆಯ ರಾಣಿಯರು. ಇಬ್ಬರ ಹೆಸರೂ ದೇವಾಜಮ್ಮಣ್ಣಿ! ಒಂದೇ ಅಂತಃಪುರದಲ್ಲಿ, ಒಬ್ಬನೇ ಗಂಡನಿಗೆ ಇಬ್ಬರು ದೇವಾಜಮ್ಮಣ್ಣಿಯರು ಇದ್ದರೆ ಲೆಕ್ಕ ಬರೆಯುವ ಗುಮಾಸ್ತನ ಪಾಡೇನು? ಬಿರುದಿಲ್ಲದೆ ಅರಮನೆ ನಡೆಯುವಂತಿರಲಿಲ್ಲ.

ಆದರೆ ಬಿರುದುಗಳೂ ಮರುಬಳಕೆಯಾದವು ಎಂಬುದೇ ತೊಡಕು. ‘ಲಕ್ಷ್ಮೀವಿಲಾಸ ಸನ್ನಿಧಾನ’ ಮುಮ್ಮಡಿಯವರ ರಾಣಿಯೂ ಹೌದು. 1900ರ ಜೂನ್‌ನಲ್ಲಿ ಕಾಠಿಯಾವಾಡದ ವಾಣಾದಿಂದ ನಾಲ್ವಡಿಯವರ ಕೈಹಿಡಿದು ಬಂದ ಪ್ರತಾಪಕುಮಾರಿಯವರ ಬಿರುದೂ ಅದೇ. ನಡುವೆ ಹತ್ತಿರಹತ್ತಿರ ನೂರು ವರ್ಷ. ಲಕ್ಷ್ಮೀವಿಲಾಸ ಎಂಬ ಹೆಸರು ಕಂಡ ಕೂಡಲೇ ವರ್ಷ ನೋಡಬೇಕು, ವರ್ಷವಿಲ್ಲದಿದ್ದರೆ ಆಳುತ್ತಿದ್ದ ರಾಜ ಯಾರು ಎಂದಾದರೂ ನೋಡಬೇಕು. ಇಷ್ಟನ್ನು ಮಾಡದೆ ಬರೆದ ಪ್ರವಾಸಿ ಕೈಪಿಡಿಗಳಲ್ಲಿ ಈ ಇಬ್ಬರು ರಾಣಿಯರು ಅದಲುಬದಲಾಗಿದ್ದಾರೆ.

ಇನ್ನು ಹೆಸರಿನ ಭಾಗ. ‘ಅಮ್ಮಣ್ಣಿ’ ಅರಸು ಮನೆತನದ ಹೆಣ್ಣುಮಕ್ಕಳ ಹೆಸರಿನ ಕೊನೆಯಲ್ಲಿ ಬರುವ ಗುರುತು. ಸಂಸ್ಕೃತದಲ್ಲಿ ಬರೆಯುವಾಗ ಅದೇ ‘ಅಂಬಾ’ ಆಗುತ್ತದೆ. ಚೆಲುವಾಜಮ್ಮಣ್ಣಿ ಚೆಲುವಾಂಬ ಆದದ್ದು ಹಾಗೆ. ಮನೆಮಾತಿಗೊಂದು, ಶಾಸನ ಸ್ತೋತ್ರಗಳಿಗೊಂದು. ಇಂಗ್ಲಿಷ್ ಗುಮಾಸ್ತರು ಬರೆದಾಗ ಮೂರನೆಯ ರೂಪ ಹುಟ್ಟುತ್ತದೆ. ಪಿಕೆಟಿಬಿಯ ರಾಜಕುಮಾರಿಯೇ ಕೆಲವೆಡೆ ಕೃಷ್ಣಾಜಮ್ಮಣ್ಣಿ, ಕೆಲವೆಡೆ ಕೃಷ್ಣರಾಜಮ್ಮಣ್ಣಿ. ಇಬ್ಬರಲ್ಲ, ಒಬ್ಬರೇ.

ಚಾಮರಾಜೇಂದ್ರರ ಮೂವರು ಹೆಣ್ಣುಮಕ್ಕಳಿಗೆ ಮೈಸೂರಿನಲ್ಲಿ ಮೂರು ಮಹಲುಗಳು ಎದ್ದವು. ಹಿರಿಯವರು ಜಯಲಕ್ಷ್ಮಮ್ಮಣ್ಣಿ, ಮುಂದೆ ದಿವಾನರಾದ ಕಾಂತರಾಜ ಅರಸರ ಪತ್ನಿ. ಅವರ ಜಯಲಕ್ಷ್ಮೀವಿಲಾಸ ಈಗ ಮಾನಸಗಂಗೋತ್ರಿಯೊಳಗೆ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದ ಮನೆ. ಎರಡನೆಯವರು ಕೃಷ್ಣಾಜಮ್ಮಣ್ಣಿ, ಅವರ ಕಾರಂಜಿ ಮಹಲಿನಲ್ಲಿ ಅಂಚೆ ಇಲಾಖೆಯ ತರಬೇತಿ ಕೇಂದ್ರ. ಮೂರನೆಯವರು ಚೆಲುವಾಜಮ್ಮಣ್ಣಿ, ಅವರ ಚೆಲುವಾಂಬ ವಿಲಾಸದಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆ. ಎರಡನೆಯವರ ಮಹಲಿಗೆ ಮಾತ್ರ ಕೆರೆಯ ಹೆಸರು ಅಂಟಿಕೊಂಡಿತು, ಒಡತಿಯ ಹೆಸರು ಬಿಟ್ಟುಹೋಯಿತು. ರಸ್ತೆಯಲ್ಲೂ ಆಸ್ಪತ್ರೆಯಲ್ಲೂ ಆದದ್ದು ಮನೆಯಲ್ಲೂ ಆಯಿತು ಎನ್ನಬೇಕು.

ಚೆಲುವಾಂಬ ಎಂಬ ಫಲಕದ ಮುಂದೆ ಎಚ್ಚರ ಇನ್ನೂ ಹೆಚ್ಚು ಬೇಕು. ಒಂದೇ ತಲೆಮಾರಿನಲ್ಲಿ ಇಬ್ಬರು ಚೆಲುವಾಜಮ್ಮಣ್ಣಿಯರಿದ್ದರು. ಒಬ್ಬರು ಅರಮನೆಯ ಮಗಳು, ಸಿಎಫ್‌ಟಿಆರ್‌ಐ ಮಹಲಿನವರು. ಇನ್ನೊಬ್ಬರು ಅರಮನೆಯ ಸೊಸೆ, ನಾಲ್ವಡಿಯವರ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಪತ್ನಿ ಕೆಂಪು ಚೆಲುವಾಜಮ್ಮಣ್ಣಿ. ನಾದಿನಿ ಅತ್ತಿಗೆಯರಿಗೆ ಒಂದೇ ಹೆಸರು. ಹಳೆಯ ಪತ್ರಗಳಲ್ಲಿ ಇವರನ್ನು ಬೇರ್ಪಡಿಸುವುದು ‘ರಾಜಕುಮಾರಿ’, ‘ಯುವರಾಣಿ’ ಎಂಬ ಮುಂಬದಿಯ ಮಾತು ಮತ್ತು ‘ಕೆಂಪು’ ಎಂಬ ಎರಡಕ್ಷರ ಮಾತ್ರ. ಟೈಪ್ ಮಾಡುವವರು ಆ ಎರಡಕ್ಷರ ನುಂಗಿದರೆ ಮುಗಿಯಿತು.

ಸ್ಥಾನಸೂಚಕ ಮಾತುಗಳ ಲೆಕ್ಕ ಇನ್ನೂ ನಿಷ್ಠುರ. ಮಹಾರಾಜನ ಹೆಂಡತಿ ಮಹಾರಾಣಿ. ಯುವರಾಜನ ಹೆಂಡತಿ ಯುವರಾಣಿ. ಮಹಾರಾಜನ ಮಗಳು ಮದುವೆಯಾಗಿ ಹೋದರೂ ರಾಜಕುಮಾರಿ, ಅವಳ ಗಂಡ ‘ಸರ್ದಾರ್’ ಅಷ್ಟೇ. ಮಹಾರಾಜನ ತಾಯಿ ಎಂಬ ಕಾರಣಕ್ಕೇ ಯಾರೂ ಮಹಾರಾಣಿ ಆಗುವುದಿಲ್ಲ. 1940ರಲ್ಲಿ ಇದು ಬಹಿರಂಗವಾಗಿಯೇ ಕಂಡಿತು. ಯುವರಾಜ ನರಸಿಂಹರಾಜರು ಮಾರ್ಚ್‌ನಲ್ಲಿ ತೀರಿಕೊಂಡರು, ನಾಲ್ವಡಿಯವರು ಆಗಸ್ಟ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಯುವರಾಜರ ಮಗ ಜಯಚಾಮರಾಜ ಒಡೆಯರಿಗೆ ಪಟ್ಟವಾಯಿತು. ತಾಯಿ ಕೆಂಪು ಚೆಲುವಾಜಮ್ಮಣ್ಣಿಯವರ ಗಂಡ ಸಿಂಹಾಸನ ಏರಲೇ ಇಲ್ಲವಾದ್ದರಿಂದ ಅವರು ಮಹಾರಾಣಿಯಾಗಲಿಲ್ಲ, ಯುವರಾಣಿಯಾಗಿಯೇ ಉಳಿದರು. ದೊಡ್ಡಮ್ಮ ಪ್ರತಾಪಕುಮಾರಿಯವರಿಗೆ ಮಕ್ಕಳಿರಲಿಲ್ಲ, ಆದರೂ ಮಹಾರಾಣಿ ಅವರೇ. ಹೆಣ್ಣಿನ ದರ್ಜೆ ಗಂಡನ ಪಟ್ಟದಿಂದ ಬರುತ್ತದೆ, ಹೊಟ್ಟೆಯ ಮಗನಿಂದ ಬರುವುದಿಲ್ಲ ಎಂಬ ನಿಯಮ ಅಷ್ಟು ಕರಾರುವಾಕ್ಕು.

‘ರಾಜಮಾತೆ’ ಎಂಬ ಮಾತನ್ನು ಇಂದು ಪತ್ರಿಕೆಗಳು ಧಾರಾಳವಾಗಿ ಬಳಸುತ್ತವೆ. ಲಕ್ಷ್ಮಮ್ಮಣ್ಣಿಯವರಿಗೂ ಅದನ್ನು ಹಚ್ಚುವುದುಂಟು. ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ಆಕೆ. ಹೈದರನ ಕಾಲದಲ್ಲಿ, ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಕೋಟೆಯೊಳಗೇ ಇದ್ದುಕೊಂಡು ತಿರುಮಲರಾಯನ ಮೂಲಕ ಈಸ್ಟ್ ಇಂಡಿಯಾ ಕಂಪನಿಯೊಡನೆ 1782ರಲ್ಲಿ ಒಪ್ಪಂದ ಮಾಡಿಸಿದವರು. 1799ರಲ್ಲಿ ಐದು ವರ್ಷದ ಮುಮ್ಮಡಿಗೆ ಪಟ್ಟವಾಗುವಂತೆ ನೋಡಿಕೊಂಡವರು. ಮುಮ್ಮಡಿಗೆ ಅವರು ವರಸೆಯಲ್ಲಿ ಅಜ್ಜಿ, ಅದೂ ದತ್ತಿನ ದಾರಿಯಿಂದ. ಅವರಿಗೆ ಬಳಕೆಯಾದ ‘ಮಹಾಮಾತೃಶ್ರೀ’ ಎಂಬ ಮಾತು ಮನೆತನಕ್ಕೇ ಹಿರಿಯಳಾದವಳು ಎಂಬರ್ಥದ್ದು. ಅದನ್ನು ‘ರಾಜನ ತಾಯಿ’ ಎಂದು ಬಿಡಿಸಿ ವಂಶಾವಳಿಯಲ್ಲಿ ಒಂದು ತಲೆಮಾರು ನುಂಗಿದ ಲೇಖನಗಳು ಇವೆ.

ಇಲ್ಲಿಯವರೆಗಿನದು ಚರಿತ್ರೆ. ಈಗಿನವರ ವಿಷಯದಲ್ಲಿ ಒಂದು ದಿನಾಂಕ ನೆನಪಿಡಬೇಕು: 1971ರ ಡಿಸೆಂಬರ್ 28. ಅಂದು ಜಾರಿಗೆ ಬಂದ ಸಂವಿಧಾನದ 26ನೆಯ ತಿದ್ದುಪಡಿ 363ಎ ವಿಧಿಯನ್ನು ಸೇರಿಸಿ ಮಾಜಿ ರಾಜರಿಗಿದ್ದ ಮಾನ್ಯತೆಯನ್ನೂ ರಾಜಧನವನ್ನೂ ಕೊನೆಗಾಣಿಸಿತು. ಮೈಸೂರಿಗೆ ಬರುತ್ತಿದ್ದ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ, ಆ ಹೊತ್ತಿಗೆ ದೇಶದಲ್ಲೇ ಹೆಚ್ಚು. ಜಯಚಾಮರಾಜ ಒಡೆಯರು 1974ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮನೆತನದ ಯಜಮಾನರಾದದ್ದು ಆ ಬಳಿಕ, ಅಂದರೆ ಕಾನೂನಿನ ಕಣ್ಣಲ್ಲಿ ಮಹಾರಾಜ ಎಂಬ ಸ್ಥಾನವೇ ಇಲ್ಲದ ಕಾಲದಲ್ಲಿ. 1976ರಲ್ಲಿ ಮದುವೆಯಾಗಿ ಬಂದ ಪ್ರಮೋದಾದೇವಿ ಒಡೆಯರ್ ಅವರಿಗೆ ‘ಮಹಾರಾಣಿ’ ಎನ್ನುವುದಾಗಲಿ, 2015ರ ಫೆಬ್ರವರಿಯಲ್ಲಿ ಯದುವೀರರನ್ನು ದತ್ತು ತೆಗೆದುಕೊಂಡು ಮೇ ತಿಂಗಳಲ್ಲಿ ಪಟ್ಟ ಕಟ್ಟಿದ ಮೇಲೆ ‘ರಾಜಮಾತೆ’ ಎನ್ನುವುದಾಗಲಿ ಮನೆತನದ ಸಂಪ್ರದಾಯ, ಜನರ ಪ್ರೀತಿ. ಎರಡಕ್ಕೂ ಸರ್ಕಾರದ ಮೊಹರಿಲ್ಲ.

ಹಾಗಾದರೆ ಹಾಗೆ ಕರೆಯುವುದು ಕಾನೂನುಬಾಹಿರವೇ ಎಂದು ಕೇಳುವವರಿದ್ದಾರೆ. 18ನೆಯ ವಿಧಿಯನ್ನು ಸರಿಯಾಗಿ ಓದಬೇಕು. ಸೈನಿಕ ಮತ್ತು ವಿದ್ಯಾ ಸಂಬಂಧದ ಗೌರವ ಬಿಟ್ಟು ಬೇರೆ ಯಾವ ಬಿರುದನ್ನೂ ಪ್ರಭುತ್ವ ಕೊಡಕೂಡದು ಎನ್ನುತ್ತದೆ ಅದು. ವಿದೇಶಿ ಸರ್ಕಾರದಿಂದ ನಾಗರಿಕರು ಬಿರುದು ಪಡೆಯಕೂಡದು ಎನ್ನುತ್ತದೆ. ಬೀದಿಯಲ್ಲಿ ಜನ ಪ್ರೀತಿಯಿಂದ ಏನೆಂದು ಕೂಗಬೇಕು ಎಂಬ ಉಸಾಬರಿ ಅದಕ್ಕಿಲ್ಲ. ಪದ್ಮ ಪ್ರಶಸ್ತಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 1995ರ ಡಿಸೆಂಬರ್‌ನಲ್ಲಿ, ಪ್ರಶಸ್ತಿ ಕೊಡಬಹುದು, ಅದನ್ನು ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಅಂಟಿಸಿಕೊಳ್ಳುವಂತಿಲ್ಲ ಎಂದಿತು. ನ್ಯಾಯಾಲಯದ ಅರ್ಜಿಗಳಲ್ಲಿ ‘ರಾಜ’ ಮುಂತಾದ ಪೂರ್ವಪದಗಳು ಏಕೆ ಎಂದು ರಾಜಸ್ಥಾನ ಹೈಕೋರ್ಟ್ 2022ರಲ್ಲಿ ಪ್ರಶ್ನೆ ಎತ್ತಿದೆ. ಒಟ್ಟಿನಲ್ಲಿ ವ್ಯವಹಾರದ ಗೆರೆ ಸ್ಪಷ್ಟ: ದಸರಾ ಖಾಸಗಿ ದರ್ಬಾರಿನ ಆಹ್ವಾನಪತ್ರದಲ್ಲಿ, ಅರಮನೆಯೊಳಗಿನ ವಿಧಿಗಳಲ್ಲಿ ಏನು ಬರೆದುಕೊಂಡರೂ ಅದು ಮನೆಯ ವಿಷಯ. ಖಾತೆ, ಕ್ರಯಪತ್ರ, ಅರ್ಜಿ, ಚುನಾವಣಾ ಪ್ರಮಾಣಪತ್ರದಲ್ಲಿ ಹೆಸರು ಮಾತ್ರ.

ಹೆಸರು ಮಾತ್ರ ಎಂದಾಗ ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳುತ್ತದೆ. ಹಿಂದಿನ ಯಾವ ರಾಣಿಯ ಹೆಸರಿನ ಕೊನೆಯಲ್ಲೂ ‘ಒಡೆಯರ್’ ಇರಲಿಲ್ಲ. ಒಡೆಯರ್ ಎಂಬುದು ಆಳುವವನಿಗೆ, ಗಂಡಿಗೆ. ಹೆಣ್ಣಿಗೆ ಅಮ್ಮಣ್ಣಿಯವರು. ಗುಜರಾತಿನ ಕಡೆಯಿಂದ ಬಂದ ಪ್ರತಾಪಕುಮಾರಿಯವರ ಹೆಸರಿಗೂ ಮೈಸೂರು ‘ಅಮ್ಮಣ್ಣಿಯವರು’ ಸೇರಿಸಿ ತನ್ನವರನ್ನಾಗಿ ಮಾಡಿಕೊಂಡಿತು, ಜಯಚಾಮರಾಜರ ರಾಣಿ ತ್ರಿಪುರಸುಂದರಿಯವರೂ ಅಮ್ಮಣ್ಣಿಯವರೇ. ಈಗ ‘ಪ್ರಮೋದಾದೇವಿ ಒಡೆಯರ್’, ಯದುವೀರರ ಪತ್ನಿ ‘ತ್ರಿಷಿಕಾಕುಮಾರಿ ಒಡೆಯರ್’. ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಿನ ಖಾನೆ ಖಾಲಿ ಬಿಡದ ಕಾಲದಲ್ಲಿ ಒಂದು ಪದವಿ ಹೀಗೆ ಮನೆತನದ ಹೆಸರಾಗಿ ಹೆಂಗಸರ ಹೆಸರಿಗೂ ಬಂದು ಕೂತಿದೆ. ಅಮ್ಮಣ್ಣಿ ಹೋದದ್ದು ನಷ್ಟವೆಂದೇ ನನ್ನ ಎಣಿಕೆ. ಅದೊಂದು ಮಾತು ಮೈಸೂರಿನದೇ ಆಗಿತ್ತು. ಬಿರುದಿನ ಒಂದು ಎಳೆ ಮಾತ್ರ ಅರಮನೆಯ ವಿಧಿಯಲ್ಲಿ ಉಳಿದಿದೆ. ನವರಾತ್ರಿಯಲ್ಲಿ ಯದುವೀರರಿಗೆ ಕಂಕಣಧಾರಣೆ ಆಗುವುದು ಚಾಮುಂಡಿ ತೊಟ್ಟಿಯಲ್ಲಿ, ತ್ರಿಷಿಕಾ ಅವರಿಗೆ ಆಗುವುದು ವಾಣಿವಿಲಾಸ ದೇವರ ಮನೆಯಲ್ಲಿ.

ಫಲಕ ಬರೆಸುವವರಿಗೆ, ಆಕ್ಷೇಪಣೆ ಸಲ್ಲಿಸುವವರಿಗೆ ಇದರಿಂದ ಆಗುವ ಉಪಯೋಗ ಇಷ್ಟು. ಮೊದಲು ಹೆಸರನ್ನು ಮೂರು ತುಂಡು ಮಾಡಿ, ಯಾವ ತುಂಡು ಫಲಕದಲ್ಲಿದೆ ನೋಡಿ. ಬಿರುದು ಮಾತ್ರ ಇದ್ದರೆ ಆಗ ಆಳುತ್ತಿದ್ದ ರಾಜನ ಹೆಸರಿಗೆ ಹೊಂದಿಸಿ. ಸ್ಥಾನ ಮಾತ್ರ ಇದ್ದರೆ, ಅಂದರೆ ಬರೀ ‘ಪ್ರಿನ್ಸೆಸ್’ ಅಥವಾ ‘ಮಹಾರಾಣಿ’ ಎಂದಿದ್ದರೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಪಕ್ಕದ ಕಟ್ಟಡದ ಅಡಿಗಲ್ಲು, ಮುನಿಸಿಪಾಲಿಟಿಯ ಹಳೆಯ ನಿರ್ಣಯ, ಸಂಸ್ಥಾನದ ಗೆಜೆಟ್, ಆ ಕಾಲದ ನಗರ ನಕಾಶೆ, ಇವುಗಳಲ್ಲಿ ಎರಡಾದರೂ ಒಂದೇ ಮಾತು ಹೇಳಬೇಕು. ಮಹಾರಾಣಿ ಕಾಲೇಜು ಇದಕ್ಕೆ ಪಾಠ. 1881ರಲ್ಲಿ ಅಂಬಿಲ್ ನರಸಿಂಹಯ್ಯಂಗಾರರ ಮುತುವರ್ಜಿಯಿಂದ, ಅರಮನೆಯ ಆಸರೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಶಾಲೆ ಅದರ ಬೇರು. ಅಲ್ಲಿ ಓದಿ ಹೊರಬಂದ ಸಾವಿರಾರು ಜನ ‘ನಾವು ಮಹಾರಾಣೀಸ್’ ಎಂದು ಹೆಮ್ಮೆಯಿಂದ ಹೇಳುತ್ತಾರೆ, ಯಾವ ಮಹಾರಾಣಿ ಎಂದರೆ ನಕ್ಕು ಸುಮ್ಮನಾಗುತ್ತಾರೆ. ಹೊಸ ಫಲಕವಾದರೆ ‘ರಾಜಕುಮಾರಿ ಕೃಷ್ಣಾಜಮ್ಮಣ್ಣಿ ರಸ್ತೆ’ ಎಂದು ಪೂರ್ತಿ ಬರೆಯಲಿ. ಕೆಳಗೆ ಸಣ್ಣಕ್ಷರದಲ್ಲಿ ಯಾರ ಮಗಳು, ಏಕೆ ಈ ಹೆಸರು ಎಂಬುದಕ್ಕೆ ಒಂದು ಸಾಲು ಸಾಕು. ಅಕ್ಷರ ಕತ್ತರಿಸಿ ಚುಟುಕು ಮಾಡಬಾರದು ಎಂಬ ಷರತ್ತನ್ನು ನಿರ್ಣಯದಲ್ಲೇ ಸೇರಿಸದಿದ್ದರೆ ಹತ್ತು ವರ್ಷದಲ್ಲಿ ಅದು ‘ಪಿ.ಕೆ. ರಸ್ತೆ’ ಆಗುವುದು ಖಂಡಿತ.

ಅರಮನೆಯ ಆಚೆಗೆ, ಮಂಡ್ಯದ ಕಡೆಗೆ ಬಂದರೆ ಮಾತುಗಳು ಬೇರೆ, ಲೆಕ್ಕ ಅದೇ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಕೆರೆಯ ಹತ್ತಿರ ಇರುವ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವೆ ನಾಯಕಿತಿ. ಅಲ್ಲಿಂದ ಸ್ವಲ್ಪ ದೂರದ ಶ್ರವಣಬೆಳಗೊಳದಲ್ಲಿ ಗಂಗರಾಜನ ಹೆಂಡತಿ ಲಕ್ಕಲೆ ದಂಡನಾಯಕಿತಿ. ನಾಯಕನ ಹೆಂಡತಿ ನಾಯಕಿತಿ, ದಂಡನಾಯಕನ ಹೆಂಡತಿ ದಂಡನಾಯಕಿತಿ, ಹಾಗೆಯೇ ಗೌಡನ ಹೆಂಡತಿ ಗೌಡಿತಿ, ಇಂದಿನ ಬಾಯಲ್ಲಿ ಗೌಡ್ತಿ. ವಿಷ್ಣುವರ್ಧನನ ಶಾಂತಲೆಯೂ ಶಾಸನಗಳಲ್ಲಿ ‘ಪಿರಿಯರಸಿ ಪಟ್ಟಮಹಾದೇವಿ’. ಆದರೆ ಆಕೆಗೆ ಸ್ವಂತದ ಬಿರುದೂ ಒಂದಿತ್ತು, ಸವತಿಗಂಧವಾರಣೆ, ಸವತಿಯರ ಪಾಲಿಗೆ ಮದದಾನೆ. 1123ರಲ್ಲಿ ಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಅದನ್ನೇ ಇಟ್ಟಳು. ಸನ್ನಿಧಾನಗಳ ಮೆತ್ತನೆಯ ವಿಲಾಸಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಈ ಬಿರುದಿನ ಖದರೇ ಬೇರೆ. ಹುದ್ದೆಯನ್ನೇ ಹಿಡಿದವರು ಇನ್ನೂ ಹಿಂದೆ ಇದ್ದರು. ಹತ್ತನೆಯ ಶತಮಾನದ ಆರಂಭದಲ್ಲಿ, ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡಿಕೆ, ಅಂದರೆ ನಾಡಗೌಡನ ಹುದ್ದೆ, ವಹಿಸಿಕೊಂಡ ಜಕ್ಕಿಯಬ್ಬೆ ಬಂದಳಿಕೆಯ ಶಾಸನದಲ್ಲಿದ್ದಾಳೆ.

ಗೌಡ್ತಿ ಎಂಬ ಮಾತು 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಪ್ರಚಾರಕ್ಕೇ ಬಂತು. ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ ಗೌಡ್ತಿ ಹೌದೋ ಅಲ್ಲವೋ ಎಂದು ವೇದಿಕೆಗಳ ಮೇಲೆ ಚರ್ಚೆಯಾಯಿತು. ಹುಟ್ಟಿನಿಂದಲೋ ಮದುವೆಯಿಂದಲೋ ಎಂಬ ಪ್ರಶ್ನೆ ಅದು. ‘ಇತಿ’ ಪ್ರತ್ಯಯದ ಹಳೆಯ ನಿಯಮ ಹಿಡಿದರೆ ಉತ್ತರ ಸುಲಭ: ಗೌಡನ ಮಡದಿ ಗೌಡಿತಿ. ಜಾತಿ ಹೆಸರಾಗಿ ಹಿಡಿದರೆ ಉತ್ತರ ಬೇರೆ. ಅವರು ‘ಮಂಡ್ಯದ ಸೊಸೆ’ ಎಂಬ ಮಾತನ್ನು ಆರಿಸಿಕೊಂಡು ಎರಡರ ನಡುವೆ ದಾರಿ ಮಾಡಿಕೊಂಡರು, ಒಂದೂಕಾಲು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು.

ಈಗಿನ ನಿಜವಾದ ಸ್ಥಾನಗಳು ಚುನಾಯಿತವಾದವು. ಕರ್ನಾಟಕದ ಪಂಚಾಯಿತಿಗಳಲ್ಲಿ 2010ರ ತಿದ್ದುಪಡಿಯಿಂದ ಅರ್ಧ ಸ್ಥಾನ ಹೆಂಗಸರಿಗೆ. ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿನ ಪಟ್ಟಿಯಲ್ಲಿ ‘ಅಧ್ಯಕ್ಷೆ’ ಎಂದೂ ಬರೆಯುತ್ತಾರೆ, ‘ಅಧ್ಯಕ್ಷರು’ ಎಂದೂ ಬರೆಯುತ್ತಾರೆ. ಹುದ್ದೆಗೆ ಲಿಂಗ ಬೇಡ ಎನ್ನುವವರಿಗೆ ಎರಡನೆಯದು ಸರಿ, ನನಗೂ ಅದೇ ಸರಿ ಕಾಣುತ್ತದೆ. ಆದರೆ ಅದೇ ಸಾಲಿನಲ್ಲಿ ಗಂಡಸರ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರು ಬಂದರೆ ಹೆಂಗಸರ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು ಬರುತ್ತದೆ. ಪಹಣಿಯಲ್ಲೂ ಹಾಗೇ, ಮತದಾರರ ಪಟ್ಟಿಯ ಸಂಬಂಧದ ಖಾನೆಯಲ್ಲೂ ಬಹುಮಟ್ಟಿಗೆ ಹಾಗೇ.